ತೋಟಾ ಅಳೆದ ಪ್ರಸಂಗ

ನಮ್ಮ ಅಡಿಗೆಮನೆಯ ಕಿಟಕಿಯಲ್ಲಿ, ಉಪ್ಪಿನ ಜಾಡಿಗೂ ಹುಣಿಸೆಹಣ್ಣಿನ ಡಬ್ಬಿಗೂ ನಡುವೆ, ಬೆರಳುದ್ದದ ಒಂದು ಹಿತ್ತಾಳೆ ಕೊಳವೆ ನಿಂತಿದೆ. ದೇವರ ಸಾಮಾನು ಬೆಳಗುವ ದಿನ ಅದಕ್ಕೂ ಒಂದಿಷ್ಟು ಹುಣಿಸೆಹಣ್ಣು ಸಿಗುವುದರಿಂದ ಥಳಥಳ ಹೊಳೆಯುತ್ತದೆ. ಮೊನ್ನೆ ಬಂದಿದ್ದ ನಮ್ಮ ಯಜಮಾನರ ಸೋದರತ್ತೆ ಅದನ್ನು ಕುಂಕುಮದ ಭರಣಿ ಎಂದುಕೊಂಡು ಬೆರಳು ತೂರಿಸಲು ನೋಡಿ ಸೋತರು.

“ಇದ್ಯಾವ ಭರಣಿನವ್ವಾ, ಕಿರುಬೆರಳೂ ಓಗಕಿಲ್ವಲ್ಲ!”

“ಅದು ಭರಣಿ ಅಲ್ಲ ಅತ್ತೆ, ಬಂದೂಕಿನ ತೋಟಾ. ಖಾಲಿ ತೋಟಾ” ಎಂದೆ.

ಅತ್ತೆ ಅದನ್ನು ಇದ್ದ ಜಾಗದಲ್ಲೇ ಮೆಲ್ಲಗೆ ಇಟ್ಟು, ಸೆರಗಿಗೆ ಕೈ ಒರೆಸಿ, ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಲಿಂಗ ಕಟ್ಟಿದವರ ಮನೆಯ ಒಲೆಯ ಪಕ್ಕ ತೋಟಾ ಕಂಡರೆ ಯಾರಾದರೂ ಹಾಗೇ ಮಾಡುತ್ತಾರೆ. ಅವತ್ತು ಕಾಫಿ ಬೇಡ ಎಂದರು, ಮಜ್ಜಿಗೆ ಕುಡಿದು ಹೊರಟರು.

ನೀವು ಗಾಬರಿಯಾಗಬೇಡಿ. ನಾನು ಬಂದೂಕು ಹಿಡಿದವಳಲ್ಲ. ಮೂವತ್ತೊಂದು ವರ್ಷ ತಿ. ನರಸೀಪುರದ ಕಾಲೇಜೊಂದರಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರದ ಪ್ರಯೋಗ ಮಾಡಿಸಿದವಳು. ಹೆಸರು ಸರ್ವಮಂಗಳಾ. ಆದರೆ ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಆ ಹೆಸರು ಹೇಳಿ ನೋಡಿ, ಯಾರಿಗೂ ಗೊತ್ತಾಗುವುದಿಲ್ಲ. “ಸ್ಕ್ರೂಗೇಜ್ ಮಿಸ್” ಅನ್ನಿ, ಎಳನೀರು ಮಾರುವವನೂ ತಲೆಯಾಡಿಸುತ್ತಾನೆ. ಅವನೂ ಒಂದು ಕಾಲದಲ್ಲಿ ನನ್ನ ಮುಂದೆ ನಡುಗುತ್ತ ತಂತಿಯ ದಪ್ಪ ಅಳೆದವನೇ. ನಿವೃತ್ತಿಯಾದ ಮೇಲೆ ನಂಜನಗೂಡಿನಲ್ಲೇ ಇದ್ದೇನೆ, ಯಜಮಾನರ ಗೊಬ್ಬರದ ಅಂಗಡಿಯ ಹಿಂದಿನ ಮನೆಯಲ್ಲಿ. ಅಳತೆಯ ವಿಷಯದಲ್ಲಿ ನನಗೆ ಧೈರ್ಯ ಸ್ವಲ್ಪ ಜಾಸ್ತಿ. ರವಿಕೆ ಬಟ್ಟೆ ಮಡಿಚಿಟ್ಟಿದ್ದರೂ ಎಷ್ಟು ಗಜ ಎಂದು ಹೇಳಬಲ್ಲೆ. “ಇವಳಿಗೆ ಗೊತ್ತಿಲ್ಲದೇ ಇರೋ ಅಳತೆ ಅಂದ್ರೆ ಮಾತಿನ ಅಳತೆ ಒಂದೇಯ” ಎಂದು ಯಜಮಾನರು ನೆಂಟರ ಮುಂದೆ ಹೇಳುತ್ತಿರುತ್ತಾರೆ. ನೆಂಟರು ನಗುತ್ತಾರೆ, ನಾನೂ ನಗುತ್ತೇನೆ. ನಿಜವಾದ ಮಾತಿಗೆ ಕೋಪ ಮಾಡಿಕೊಂಡು ಏನು ಪ್ರಯೋಜನ?

ಈ ತೋಟಾ ನಮ್ಮ ಮನೆಗೆ ಬಂದದ್ದು ಒಂದು ಫೋನಿನ ಹಿಂದೆ. ನನ್ನ ತಂಗಿಯ ಮಗಳು ದಾಕ್ಷಾಯಿಣಿ ನರಸೀಪುರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ. ಒಂದು ಮಧ್ಯಾಹ್ನ ಫೋನ್ ಮಾಡಿದಳು. ನನ್ನ ಕೈ ಹಿಟ್ಟಾಗಿತ್ತು, ಸ್ಪೀಕರಿಗೆ ಹಾಕಿದ್ದೆ.

“ದೊಡ್ಡವ್ವಾ, ತೋಟಾ ಅಳೀಬೇಕಾಗಿತ್ತು. ನಿನ್ನ ಬುಟ್ರೆ ಇನ್ಯಾರ್ ಕೈಲೂ ಆಗಕಿಲ್ಲ.”

ಊಟ ಮಾಡುತ್ತಿದ್ದ ಯಜಮಾನರು ತಟ್ಟೆಯಿಂದ ತಲೆಯೆತ್ತಿದರು. “ತೋಟ ಅಳೆಯಕ್ಕೆ ನಿನ್ ದೊಡ್ಡವ್ವ ಯಾಕವ್ವಾ? ನೀನೇ ತಾಲ್ಲೂಕಾಪೀಸ್ನಲ್ಲಿದ್ದೀಯ, ಒಂದ್ ಅರ್ಜಿ ಗುಜರಾಯ್ಸು, ಸರ್ವೆಯೋರು ಬಂದು ಅಳ್ಕೊಟ್ಟು ಓಯ್ತಾರೆ. ಯಾವ ತೋಟ, ಬಿಳಿಗೆರೇದಾ? ಒತ್ತುವರಿ ಆಗದೆ ಅಂತ ನಾನು ಮೊದ್ಲೇ ಬಡ್ಕೊಂಡೆ!”

ಬಿಳಿಗೆರೆಯ ಹತ್ತಿರ ನಮ್ಮ ತವರಿನವರ ಬಾಳೆತೋಟ ಒಂದಿದೆ. ಪಕ್ಕದವನು ಬದು ಕೆತ್ತಿ ಒಳಗೆ ಬಂದಿದ್ದಾನೆ ಎನ್ನುವುದು ಯಜಮಾನರ ಹಳೆಯ ಗುಮಾನಿ. ದಾಕ್ಷಾಯಿಣಿ ಅಲ್ಲಿಂದ “ತೋಟ ಅಲ್ಲ ದೊಡ್ಡಪ್ಪ, ತೋಟಾ, ತೋಟಾ” ಎಂದು ದೀರ್ಘ ಎಳೆದು ಎಳೆದು ಹೇಳುವಷ್ಟರಲ್ಲಿ, ಇವರು ಎಂಜಲು ಕೈ ಮೇಲಕ್ಕೆ ಹಿಡಿದುಕೊಂಡೇ ಎದ್ದು ಹೋಗಿ, ಇನ್ನೊಂದು ಕೈಯಲ್ಲಿ ಬೀರು ತೆಗೆದು ಪಹಣಿಯ ಕಟ್ಟನ್ನೇ ತಂದು ನನ್ನ ಹಿಟ್ಟಿನ ಪಕ್ಕ ಇಟ್ಟಿದ್ದರು. ಒಂದು ದೀರ್ಘಕ್ಕೆ ಇಷ್ಟು ಶಕ್ತಿ ಇದೆ ಎಂದು ಕನ್ನಡ ಮೇಷ್ಟ್ರು ಯಾರೂ ನಮಗೆ ಹೇಳಿಕೊಟ್ಟಿರಲಿಲ್ಲ.

ದಾಕ್ಷಾಯಿಣಿಯ ವಿಷಯ ಹೇಳಬೇಕು. ಕಾಲೇಜಿನಲ್ಲಿ ಎನ್‌ಸಿಸಿಗೆ ಸೇರಿ ಮೊದಲ ಬಾರಿ ರೈಫಲ್ ಮುಟ್ಟಿದವಳು ಆಮೇಲೆ ಬಿಡಲೇ ಇಲ್ಲ. ಈಗ ಮೂವತ್ತನಾಲ್ಕು, ಎರಡು ಮಕ್ಕಳ ತಾಯಿ. ಭಾನುವಾರ ಬಂತೆಂದರೆ ಮೈಸೂರಿನ ರೇಂಜಿಗೆ ಹೋಗಿ ಹೊಟ್ಟೆಯ ಮೇಲೆ ಮಲಗಿ ಮುನ್ನೂರು ಮೀಟರ್ ದೂರದ ಕಾಗದಕ್ಕೆ ಗುಂಡು ಹೊಡೆಯುತ್ತಾಳೆ. ಅವಳ ಗುಂಡಿಗೆ ಕಾಗದ ಬಿಟ್ಟು ಇನ್ನೇನೂ ಬಲಿಯಾಗಿಲ್ಲ. ಹೀಗೆ ಸ್ಪರ್ಧೆಗೆ ಹೊಡೆಯುವವರು, ಪರವಾನಗಿ ಇದ್ದರೆ, ಒಮ್ಮೆ ಹೊಡೆದು ಖಾಲಿಯಾದ ಹಿತ್ತಾಳೆ ತೋಟಾವನ್ನು ಮತ್ತೆ ತುಂಬಿಕೊಂಡು ಬಳಸುತ್ತಾರಂತೆ. ನಾವು ಹಾರ್ಲಿಕ್ಸ್ ಬಾಟಲಿಗೆ ಮೆಂತ್ಯ ತುಂಬಿದಂತೆ ಎಂದುಕೊಳ್ಳಿ. ಅವಳ ಕೋಚ್, ಸೈನ್ಯದಿಂದ ನಿವೃತ್ತರಾದ ಸುಬೇದಾರರು, ಆ ಕೆಲಸವನ್ನು ಎದುರಿಗೆ ಕೂತು ಮಾಡಿಸುತ್ತಾರೆ.

ಬಂದೂಕು ನಮ್ಮ ವಂಶಕ್ಕೆ ತೀರ ಹೊಸದೇನಲ್ಲ. ಬಿಳಿಗೆರೆಯ ಕಡೆ ನಮ್ಮ ತಾತನ ಹತ್ತಿರ ಒಂದು ಕೇಪಿನ ಕೋವಿ ಇತ್ತು. ಬೆಳೆ ಕಾವಲಿಗೆಂದು ಸರ್ಕಾರ ಕೊಟ್ಟ ಲೈಸೆನ್ಸು. ತಾತ ಇರುವೆಗೂ ಸಕ್ಕರೆ ಇಡುವ ಶಿವಭಕ್ತ. ಕಡಲೆಕಾಯಿ ಹೊಲಕ್ಕೆ ಹಂದಿ ಬಂದರೆ ಕೋವಿಯನ್ನು ಹುಣಿಸೆಮರದ ತುದಿಗೆ ಹಿಡಿದು ಹೊಡೆಯುತ್ತಿದ್ದರು. ಢಂ ಎಂದ ಶಬ್ದಕ್ಕೆ ಹಂದಿ ಓಡಬೇಕು, ಅಷ್ಟೇ. ಕೆಲವು ಹಂದಿಗಳು ಓಡದೆ ಒಮ್ಮೆ ಮರದ ಕಡೆ ನೋಡಿ ಮತ್ತೆ ಕಡಲೆಕಾಯಿಗೆ ಬಾಯಿ ಹಾಕುತ್ತಿದ್ದವು. ಅವುಗಳಿಗೆ ತಾತನ ಸ್ವಭಾವ ಗೊತ್ತಾಗಿತ್ತು.

ಆ ಕೋವಿಗೆ ತುಂಬುವ ಈಡಿಗೆ ಅಳತೆ ಬೆರಳು. ಕೋವಿಮದ್ದಿನ ಮಸಿ ಹಾಕಿ, ನಾರು ಜಡಿದು, ಕೋಲನ್ನು ನಳಿಗೆಯೊಳಗೆ ಇಳಿಸಿದರೆ ಅದು ನಳಿಗೆಯ ಬಾಯಿಂದ ಎಷ್ಟು ಬೆರಳು ಮೇಲೆ ನಿಂತಿತೋ ಅಷ್ಟು ಬೆರಳಿನ ಈಡು. ಒಂದು ಸಂಜೆ ತಾತನಿಗೆ ಜ್ವರ. ನಮ್ಮ ಚಿಕ್ಕಪ್ಪನನ್ನು ಕರೆದು, “ಮೂರ್ ಬೆರಳು ಈಡು ಆಕು, ಜಾಸ್ತಿ ಬ್ಯಾಡ” ಎಂದು ಹೇಳಿ ಕಳಿಸಿದರು. ಚಿಕ್ಕಪ್ಪ ಗರಡಿ ಮನೆಯಲ್ಲಿ ಬೆಳೆದ ಪೈಲ್ವಾನ್. ಅವರ ಒಂದೊಂದು ಬೆರಳೂ ಏಲಕ್ಕಿ ಬಾಳೆಹಣ್ಣು. ನಿಯತ್ತಾಗಿ ಮೂರೇ ಬೆರಳು ಅಳೆದು ಹಾಕಿದರು. ಢಂ ಎಂದದ್ದು ಬದನವಾಳಿನವರೆಗೂ ಕೇಳಿಸಿತು ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ, ಅದು ಉತ್ಪ್ರೇಕ್ಷೆ ಇರಬಹುದು. ಚಿಕ್ಕಪ್ಪ ಕಾಲುವೆಯಲ್ಲಿ ಅಂಗಾತ ಬಿದ್ದಿದ್ದು, ಹೆಗಲ ಮೂಳೆ ಮುರಿದದ್ದು ಮಾತ್ರ ಉತ್ಪ್ರೇಕ್ಷೆಯಲ್ಲ. ತಾತ ಕಂಬಳಿ ಹೊದ್ದುಕೊಂಡೇ ಓಡಿಬಂದು ಕಾಲುವೆಯ ದಡದಲ್ಲಿ ನಿಂತು ಕೂಗಿದರು: “ನನ್ ಬೆರಳು ಅಂದಿದ್ದು ಕಣ್ಲಾ ನಾನು! ನಿನ್ ಬೆರಳಲ್ಲ!”

ನಾನಾಗ ಏಳೆಂಟು ವರ್ಷದವಳು. ಎಷ್ಟು ಎಂದು ಕೇಳುವ ಮೊದಲು ಯಾವುದರಿಂದ ಅಳೆದೆ ಎಂದು ಕೇಳಬೇಕು ಅನ್ನುವುದು ಅವತ್ತೇ ನನಗೆ ಅರ್ಥವಾಯಿತು. ಆಮೇಲೆ ಓದಿದ ಭೌತಶಾಸ್ತ್ರವೆಲ್ಲ ಅದರ ಮೇಲಿನ ವ್ಯಾಖ್ಯಾನ. ಇಷ್ಟು ತಿಳಿದಿದ್ದೂ ನಾನು ಎಡವಿದೆ, ಅದನ್ನೇ ಹೇಳಲು ಹೊರಟಿದ್ದೇನೆ.

ಫೋನ್ ಮಾಡಿದ ವಾರವೇ ದಾಕ್ಷಾಯಿಣಿ ಮನೆಗೆ ಬಂದಳು. ಬ್ಯಾಗಿನಿಂದ ಒಂದು ಬಟ್ಟೆಯ ಗಂಟು ತೆಗೆದು ಮೇಜಿನ ಮೇಲೆ ಬಿಚ್ಚಿದಳು. ಅರವತ್ತು ಖಾಲಿ ತೋಟಾ. ಅವಳ ಮುಖ ಎಂದಿನಂತೆ ಇರಲಿಲ್ಲ.

“ಇಪ್ಪತ್ತು ಒಡುದ್ರೆ ಅರ್ಧಕ್ಕರ್ಧ ದಿಕ್ಕಾಪಾಲಾಗಿ ಓಯ್ತವೆ ದೊಡ್ಡವ್ವ. ಮಿಕ್ಕಿದ್ದೆಲ್ಲ ಒಂದೇ ತಾವು ಬೀಳ್ತವೆ. ಒಂದ್ ವರ್ಷದಿಂದ ಇದೇಯ. ಸುಬೇದಾರ್ರು, ನಿನ್ ಕೈ ಓಯ್ತು, ಎರಡ್ನೇ ಎರಿಗೆ ಆದ್ಮೇಲೆ ಮೊದಲ್ನಂಗಿಲ್ಲ ಅಂತಾರೆ. ಅವ್ವ ಅಂತೂ ರೈಫಲ್ ಯಾವಾಗ ಮನೆ ಬುಟ್ಟು ಓಯ್ತದೆ ಅಂತ ಕಾಯ್ತಾವಳೆ.”

“ನಿನಗೇನು ಅನ್ನಿಸ್ತದೆ?”

“ನಂಗೆ ಗೊತ್ತಾಯ್ತಿಲ್ಲ, ಅದೇ ಕಷ್ಟ. ತೋಟಾದ ಕತ್ತು ಒಂದೇ ಸಮ ದಪ್ಪ ಇಲ್ದಿದ್ರೂ ಇಂಗಾಯ್ತದೆ ಅಂತಾರೆ. ಗುಂಡು ನಟ್ಟನಡುವೆ ಕೂರಕಿಲ್ಲ, ವಾರೆಯಾಗಿ ಒಂಟೋಯ್ತದೆ. ನೀನು ಅಳ್ದು ಏಳು. ಇತ್ತಾಳೆ ಕೆಟ್ಟಿದ್ರೆ ಬೇರೆ ನೋಡ್ಕೋತೀನಿ. ಇತ್ತಾಳೆ ನೆಟ್ಟಗಿದ್ರೆ ಕೆಟ್ಟಿರೋದು ನನ್ ಕೈ. ರೈಫಲ್ ಬುಟ್ಬುಡ್ತೀನಿ. ಯಾರ್ ಮಾತ್ಗೂ ಅಲ್ಲ, ನಿನ್ ಮಾತಿಗೆ ಬುಡ್ತೀನಿ.”

ಹದಿನೈದು ವರ್ಷ ಹಿಡಿದ ರೈಫಲನ್ನು ಇಡಬೇಕೋ ಬಿಡಬೇಕೋ ಎನ್ನುವ ತೀರ್ಮಾನವನ್ನು ಆ ಹುಡುಗಿ ನನ್ನ ಮೇಜಿನ ಮೇಲೆ ಇಟ್ಟುಬಿಟ್ಟಳು. ಹೆದರಬೇಕಾಗಿತ್ತು. ನಾನು ಹಿಗ್ಗಿದೆ.

ತೋಟಾ ಎಂಬುದು ಬಿಂದಿಗೆಯ ಹಾಗೆ. ತಳ, ಮೈ, ಭುಜ, ಅದರ ಮೇಲೆ ಸಣ್ಣಗಾದ ಕತ್ತು. ಆ ಕತ್ತಿನ ಗೋಡೆಯ ದಪ್ಪ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದ ಆಸುಪಾಸು. ಇದಕ್ಕೇ ಎಂದು ಬೇರೆ ಸಾಧನ ಉಂಟೇ ಎಂದು ವಿಚಾರಿಸಲು ಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಹೋದೆ.

“ಕತ್ತಿನ ದಪ್ಪ ಅಳೆಯೋ ಸಾಮಾನು ಇದೆಯೇನಪ್ಪ?”

“ಯಾರ್ ಕತ್ತು ಮಿಸ್?” ಅಂಗಡಿಯವನು ಗಂಭೀರವಾಗಿ ಕೇಳಿದ. “ಮುಂದಿನ್ ಬೀದೀಲಿ ಟೈಲರ್ ಅವ್ನೆ, ಟೇಪು ಇಟ್ಕೊಂಡಿರ್ತಾನೆ.”

ಬಿಂದಿಗೆಗಾದರೆ ಕಂಠ ಎನ್ನುತ್ತೇವೆ, ಅದನ್ನೇ ಹೇಳೋಣ ಎಂದು “ಕತ್ತಲ್ಲಪ್ಪ, ಕಂಠ” ಎಂದು ತಿದ್ದಿದೆ. ಅವನು ಕೈ ಮುಗಿದು ದೇವಸ್ಥಾನದ ದಿಕ್ಕು ತೋರಿಸಿದ. ಶ್ರೀಕಂಠನ ಊರಿನಲ್ಲಿ ಕಂಠ ಎಂದು ಕೇಳಿದರೆ ಪಾಪ ಇನ್ನೇನು ಮಾಡಿಯಾನು? ಬರಿಗೈಯಲ್ಲಿ ಮನೆಗೆ ಬಂದೆ.

ಬಂದವಳೇ, ನನ್ನ ಹತ್ತಿರ ಇರುವಾಗ ಹುಡುಕುವುದೇಕೆ ಎಂದು ಬೀರುವಿನಿಂದ ನನ್ನ ವರ್ನಿಯರ್ ಕ್ಯಾಲಿಪರ್ ತೆಗೆದೆ. ನಿವೃತ್ತಿಯ ದಿನ ಬೇರೆ ಅಧ್ಯಾಪಕರಿಗೆ ಶಾಲು, ಹಣ್ಣಿನ ಬುಟ್ಟಿ ಸಿಕ್ಕರೆ ನನಗೆ ವಿದ್ಯಾರ್ಥಿಗಳು ಇದನ್ನು ಕೊಟ್ಟಿದ್ದರು. ಸ್ಕ್ರೂಗೇಜು ಕೊಡಬೇಕೆಂದಿದ್ದರಂತೆ, ಅಡ್ಡಹೆಸರಿಟ್ಟ ಕಳ್ಳತನ ಹೊರಬಿದ್ದೀತು ಎಂದು ಹೆದರಿ ಬದಲಾಯಿಸಿದರಂತೆ. ಅದರ ಎರಡು ದವಡೆಯ ನಡುವೆ ತೋಟಾದ ಕಂಠದ ಗೋಡೆಯನ್ನು ಹಿಡಿದು, ಮೂಗಿನ ಮೇಲೆ ಕನ್ನಡಕ ಏರಿಸಿ ಕೂತೆ. ಎರಡು ಮಧ್ಯಾಹ್ನ ಬೇಕಾಯಿತು. ಪ್ರತಿ ತೋಟಾಕ್ಕೂ ಸುತ್ತ ಆರು ಕಡೆ ಅಳತೆ, ಆರನ್ನೂ ಕೂಡಿ ಆರರಿಂದ ಭಾಗಿಸಿ ಸರಾಸರಿ. ಹಳೆಯ ರೆಕಾರ್ಡ್ ಪುಸ್ತಕದಲ್ಲಿ ಸ್ಕೇಲು ಹಿಡಿದು ಗೆರೆ ಎಳೆದು ಕೋಷ್ಟಕ ಬರೆದೆ. ಒಂದೇ ತೋಟಾದ ಅಳತೆಗಳು ಅಷ್ಟಿಷ್ಟು ಹೆಚ್ಚುಕಮ್ಮಿ ಬಂದಾಗ, ಕೈ ಅಲ್ಲಾಡಿರಬೇಕು, ಸರಾಸರಿಯಲ್ಲಿ ಸರಿಹೋಗುತ್ತದೆ ಎಂದುಕೊಂಡೆ. ಮೂವತ್ತೊಂದು ವರ್ಷ ಮಕ್ಕಳಿಗೆ ಹೇಳಿದ್ದೂ ಅದನ್ನೇ.

ಸರಿಹೋಯಿತು. ಎಷ್ಟು ಚೆಂದ ಸರಿಹೋಯಿತೆಂದರೆ ಅರವತ್ತು ತೋಟಾದ ಸರಾಸರಿಯೂ ಒಂದೇ.

ಶನಿವಾರ ದಾಕ್ಷಾಯಿಣಿ ಬಂದಾಗ ಕಾಫಿ ಕೊಟ್ಟು ಪುಸ್ತಕ ಮುಂದಿಟ್ಟೆ. “ಹಿತ್ತಾಳೆ ಅಚ್ಚುಕಟ್ಟಾಗಿದೆ ಕಣಮ್ಮ. ಅದರ ತಪ್ಪೇನೂ ಇಲ್ಲ” ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಎಲ್ಲದಕ್ಕೂ ಒಂದು ವಯಸ್ಸು ಅಂತ ಇರುತ್ತದೆ, ಒಪ್ಪಿಕೊಳ್ಳುವುದೂ ಒಂದು ವಿದ್ಯೆ ಎಂದು ಭಾಷಣ ಬೇರೆ ಮಾಡಿದೆ. ಈಗ ಅದನ್ನು ನೆನೆದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅವಳು “ಅಂಗಾರೆ ನನ್ ಕೈದೇಯ” ಎಂದು ಎರಡೂ ಅಂಗೈ ತಿರುಗಿಸಿ ನೋಡಿಕೊಂಡಳು. ಕಾಫಿ ಲೋಟ ತೊಳೆದು ಮಗುಚಿಟ್ಟಳು. ತೋಟಾದ ಗಂಟನ್ನು ಮುಟ್ಟಲಿಲ್ಲ. “ಅದು ನಿನ್ತಾವೇ ಇರ್ಲಿ ದೊಡ್ಡವ್ವ. ಇನ್ ನಂಗ್ಯಾಕೆ? ಓಗ್ಬುಟ್ ಬತ್ತೀನಿ.” ಬಾಗಿಲ ತನಕ ಹೋಗಿ ಬೀಳ್ಕೊಟ್ಟೆ. ಅವಳು ಹಿಂದೆ ತಿರುಗಿ ನೋಡದೆ ನಡೆದದ್ದು ಮನಸ್ಸಿಗೆ ಚುಚ್ಚಿತು. ಆದರೂ ಅಳತೆ ಅಳತೆಯೇ ಎಂದು ಸಮಾಧಾನ ಹೇಳಿಕೊಂಡೆ.

ನಾಲ್ಕು ದಿನ ಕಳೆದ ಮೇಲೆ ಸಿದ್ದರಾಜು ಬಂದ, ಮಗಳ ಮದುವೆಯ ಲಗ್ನಪತ್ರಿಕೆ ಹಿಡಿದುಕೊಂಡು. ಇವನೂ ನನ್ನ ಹಳೆಯ ವಿದ್ಯಾರ್ಥಿ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಕೂಡಿಸುವ ಕಡೆ ಕಳೆದು ನನ್ನ ಕೈಯಲ್ಲಿ ಫೇಲಾದವನು. ಈಗ ತಾಂಡವಪುರದಲ್ಲಿ ಅವನದೇ ವರ್ಕ್‌ಶಾಪು, ಸುತ್ತಲಿನ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುತ್ತಾನೆ. ತಲೆಯೆಲ್ಲ ನರೆತಿದೆ, ಆದರೂ ನನ್ನೆದುರು ಕುರ್ಚಿಯ ತುದಿಯಲ್ಲೇ ಕೂರುತ್ತಾನೆ. ಪತ್ರಿಕೆ ಕೊಟ್ಟು, ಮೇಜಿನ ಮೇಲಿದ್ದ ಹಿತ್ತಾಳೆ ನೋಡಿ ಏನೆಂದು ಕೇಳಿದ. ನಾನು ಕಥೆಯೆಲ್ಲ ಹೇಳಿ ಕೋಷ್ಟಕ ತೋರಿಸಿದೆ. ಮೆಚ್ಚಲಿ ಎಂದೇ ತೋರಿಸಿದ್ದು, ಸುಳ್ಳೇಕೆ?

ಅವನು ಒಂದು ಪುಟ ನೋಡಿದ, ಇನ್ನೊಂದು ಪುಟ ನೋಡಿದ. ಕುತ್ತಿಗೆ ತುರಿಸಿಕೊಂಡ.

“ಮಿಸ್, ತಪ್ ತಿಳ್ಕೋಬ್ಯಾಡಿ. ಸರಾಸರಿ ಯಾಕ್ ತೆಗುದ್ರಿ?”

“ಯಾಕೆ ಅಂದರೆ? ಅಳತೆ ಅಂದಮೇಲೆ ಸರಾಸರಿ ತೆಗೀಬೇಕು. ನಿನಗೆ ಅದೂ ಮರೆತುಹೋಯಿತಾ?”

“ಮರ್ತಿಲ್ಲ ಮಿಸ್. ಆದ್ರೆ ಇಲ್ಲಿ ನೋಡಿ, ಒಂದ್ ಪಕ್ಕ ಪಾಯಿಂಟ್ ಮೂವತ್ತೆಂಟು, ಎದುರ್ ಪಕ್ಕ ಪಾಯಿಂಟ್ ಮೂವತ್ತೆರಡು. ಎಲ್ಡೂ ಸೇರ್ಸುದ್ರೆ ಮೂವತ್ತೈದಾಯ್ತು, ಸರಿ. ಆದ್ರೆ ಆ ಯಮ್ಮ ಕೇಳಿದ್ದು ಎಷ್ಟು ದಪ್ಪ ಅಂತಲ್ವಲ್ಲ, ಸಮ ಅದಾ ಅಂತಲ್ವಾ? ಆ ಎಚ್ಚುಕಮ್ಮೀನೇ ಅಲ್ವಾ ಬೇಕಾಗಿದ್ದು? ನೀವು ಅದ್ನೇ ಅಳ್ಸಾಕಿದ್ದೀರಿ.”

ನನಗೆ ಮೊದಲು ಬಂದದ್ದು ಸಿಟ್ಟು. ಆಮೇಲೆ ಕಿವಿ ಬಿಸಿಯಾಯಿತು. ರಂಧ್ರ ಒಂದು ಪಕ್ಕಕ್ಕೆ ಸರಿದಿದ್ದರೆ ಒಂದು ಗೋಡೆ ಎಷ್ಟು ದಪ್ಪವಾಗುತ್ತದೋ ಎದುರಿನದು ಅಷ್ಟೇ ತೆಳುವಾಗುತ್ತದೆ. ಸರಾಸರಿ ಅಲ್ಲಾಡುವುದೇ ಇಲ್ಲ. ಎಂಥ ಕೆಟ್ಟ ತೋಟಾ ತಂದರೂ ನನ್ನ ಕೋಷ್ಟಕ ಅದನ್ನು ಒಳ್ಳೆಯದು ಎಂದೇ ಹೇಳುತ್ತಿತ್ತು. ಹಿತ್ತಾಳೆಯ ಕಳ್ಳತನಕ್ಕೆ ನಾನೇ ಕಾವಲು ನಿಂತಿದ್ದೆ.

“ಅದು ಕೈ ಅಲ್ಲಾಡಿದ್ದೂ ಇರಬಹುದು. ವರ್ನಿಯರಿನ ದವಡೆ ಚಪ್ಪಟೆ” ಎಂದು ಕೊನೆಯ ಹುಲ್ಲುಕಡ್ಡಿ ಹಿಡಿದೆ.

“ಅದೂ ಸರಿಯೇ ಮಿಸ್. ಗುಂಡಗಿರೋ ಕಂಠಕ್ಕೆ ಚಪ್ಪಟೆ ದವಡೆ ಕೂರಕಿಲ್ಲ. ನಾಳೆ ನಮ್ ವರ್ಕ್‌ಶಾಪ್ಗೆ ಬನ್ನಿ, ಸರ್ಯಾಗಿರೋ ಸಾಮಾನಲ್ಲೇ ನೋಡೇಬುಡವ” ಎಂದ. ಫೇಲಾದವನು ಮೇಷ್ಟ್ರ ಮಾನ ಉಳಿಸಿ ಮಾತಾಡುವ ರೀತಿ ಅದು. ನನಗೆ ಅಷ್ಟು ಒಳ್ಳೆಯತನ ಇರಲಿಲ್ಲ, ಅವನನ್ನು ಫೇಲು ಮಾಡಿದ ದಿನ.

ಮರುದಿನ ತೋಟಾದ ಗಂಟು ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ತಾಂಡವಪುರಕ್ಕೆ ಹೋದೆ. ಸಿದ್ದರಾಜು ಬಿಳಿ ಬಟ್ಟೆ ಹಾಸಿ ಎರಡು ಸಾಧನ ಇಟ್ಟಿದ್ದ, ವಧುಪರೀಕ್ಷೆಗೆ ಸಿದ್ಧಮಾಡಿದ ಹಾಗೆ. ಒಂದು ಸ್ಕ್ರೂಗೇಜು. ಆದರೆ ಅದರ ಒಳಗಿನ ತುದಿಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಗೋಲಿ. ಕಂಠದ ಒಳಗೆ ಆ ಗೋಲಿ ಒಂದೇ ಬಿಂದುವಿನಲ್ಲಿ ತಾಗುತ್ತದೆ, ಆದ್ದರಿಂದ ಸುಳ್ಳು ಹೇಳುವುದಿಲ್ಲ. ಹಿಡಿ ತಿರುಗಿಸಿದರೆ ಕಟ್ ಕಟ್ ಕಟ್ ಎನ್ನುತ್ತದೆ. ಆ ಸದ್ದು ಕೇಳಿ ನನ್ನ ಜೀವವೆಲ್ಲ ಅದರ ಕಡೆಗೇ ಹೋಯಿತು ಎನ್ನಬೇಕು. ಇನ್ನೊಂದು, ಪುಟ್ಟ ಪೀಠದ ಮೇಲೆ ಗಡಿಯಾರದಂಥ ಮುಖ. ಅದರ ಕೆಳಗೆ ಅಡ್ಡಕ್ಕೆ ಒಂದು ನಯವಾದ ಕಡ್ಡಿ. ತೋಟಾದ ಕಂಠವನ್ನು ಆ ಕಡ್ಡಿಗೆ ಸಿಕ್ಕಿಸಿ ಬೆರಳಲ್ಲಿ ಮೆಲ್ಲಗೆ ತಿರುಗಿಸಬೇಕು. ಗೋಡೆ ದಪ್ಪವಾದರೆ ಮುಳ್ಳು ಆ ಕಡೆ, ತೆಳುವಾದರೆ ಈ ಕಡೆ. ಒಂದು ಗೆರೆ ಎಂದರೆ ಮಿಲಿಮೀಟರಿನ ನೂರನೇ ಒಂದು ಪಾಲು.

“ನೀವು ಸ್ಕ್ರೂಗೇಜೇ ತಗತೀರಿ, ನಂಗೊತ್ತು” ಎಂದ ಸಿದ್ದರಾಜು.

ಕೈ ಅದಕ್ಕೇ ಹೋಗಿತ್ತು. ಮೂವತ್ತೊಂದು ವರ್ಷದ ಸಂಸಾರ, ಹೆಸರೂ ಅದರದೇ. ಆದರೆ ಸ್ಕ್ರೂಗೇಜು ಅಂಕಿ ಕೊಡುತ್ತದೆ. ಅಂಕಿ ಕೊಟ್ಟರೆ ನಾನು ಬರೆಯುತ್ತೇನೆ. ಬರೆದರೆ 'ಒಟ್ಟು' ಎಂದು ಗೆರೆ ಎಳೆಯುತ್ತೇನೆ. ನನ್ನ ಕೈಗುಣ ನನಗೆ ಗೊತ್ತಿಲ್ಲವೇ? ಮುಳ್ಳಿನದು ಹಾಗಲ್ಲ. ಅಲ್ಲಾಡಿತೋ ಇಲ್ಲವೋ, ಅಷ್ಟೇ ಹೇಳುತ್ತದೆ. ದಾಕ್ಷಾಯಿಣಿ ಕೇಳಿದ್ದೂ ಅಷ್ಟೇ.

“ಮುಳ್ಳಿಂದು ಕೊಡು” ಎಂದೆ. ಸಿದ್ದರಾಜು ನನ್ನ ಮುಖವನ್ನೇ ನೋಡಿದ.

ಒಂದು ಗಂಟೆಯೂ ಹಿಡಿಯಲಿಲ್ಲ. ಕೆಲವು ತೋಟಾ ತಿರುಗಿಸಿದರೆ ಮುಳ್ಳು ನಿದ್ದೆ ಮಾಡುವವರ ಹಾಗೆ ತೆಪ್ಪಗಿತ್ತು. ಕೆಲವಕ್ಕೆ ನಾಲ್ಕು, ಐದು, ಆರು ಗೆರೆ ಈಚೆಗೂ ಆಚೆಗೂ ಜೀಕಿತು. ಅರವತ್ತರಲ್ಲಿ ಇಪ್ಪತ್ತೆರಡು ಸಾಧುಗಳು, ಮೂವತ್ತೆಂಟು ಖದೀಮರು. ಎರಡು ಗುಡ್ಡೆ ಮಾಡಿ ನೋಡುತ್ತ ಕೂತಾಗ ನನಗೆ ಅಳು ಬಂತು. ಸಿದ್ದರಾಜು ಕಾಫಿ ತರುವ ನೆಪದಲ್ಲಿ ಎದ್ದು ಹೋದ. ಅತಿ ದೊಡ್ಡ ಖದೀಮನೇ ಈಗ ಉಪ್ಪಿನ ಜಾಡಿಯ ಪಕ್ಕ ನಿಂತಿರುವುದು.

ಇಂಥ ವಿಷಯ ಫೋನಿನಲ್ಲಿ ಹೇಳುವುದಲ್ಲ. ಮುಳ್ಳಿನ ಗೇಜನ್ನು ಕೇಳಿ ಪಡೆದುಕೊಂಡು, ತೋಟಾಗಳನ್ನು ಎರಡು ಗಂಟಾಗಿ ಕಟ್ಟಿ ಹಿಡಿದು, ಶುಕ್ರವಾರ ಬೆಳಿಗ್ಗೆ ನರಸೀಪುರದ ಬಸ್ಸು ಹತ್ತಿದೆ. ತಾಲ್ಲೂಕು ಕಚೇರಿಯಲ್ಲಿ ಪಹಣಿಗೆ ಉದ್ದ ಸಾಲು. ದಾಕ್ಷಾಯಿಣಿ ಕಿಟಕಿಯ ಹಿಂದೆ ತಲೆ ತಗ್ಗಿಸಿ ಕೂತಿದ್ದಳು. ಪಕ್ಕದ ಬಾಗಿಲಿಂದ ಒಳಗೆ ಹೋಗಿ ಅವಳ ಮೇಜಿನ ಮುಂದೆ ನಿಂತೆ.

“ನಾನು ಅಳೆದದ್ದು ತಪ್ಪು ಕಣಮ್ಮ” ಎಂದೆ. “ಮೂವತ್ತೆಂಟು ಕೆಟ್ಟಿವೆ. ಸರಾಸರಿ ತೆಗೆದು ನಾನೇ ಮುಚ್ಚಿಹಾಕಿದ್ದೆ. ನಿನ್ನ ಕೈಗೆ ಸುಮ್ಮಸುಮ್ಮನೆ ಹೆಸರಿಟ್ಟೆ.”

ಸಾಲಿನಲ್ಲಿದ್ದ ಯಾರೋ ನಡುವಯಸ್ಸಿನವನು ಕಿಟಕಿಗೆ ಮುಖ ಒತ್ತಿ, “ಲೇ, ಸ್ಕ್ರೂಗೇಜ್ ಮಿಸ್ಸು ತಪ್ಪು ಅಂತಾವ್ರೆ ಕಣ್ಲಾ!” ಎಂದು ಹಿಂದಿನವನಿಗೆ ಹೇಳಿದ. ಹೇಳಲಿ. ಅವನೂ ಎಷ್ಟು ವರ್ಷ ಕಾದಿದ್ದನೋ.

ದಾಕ್ಷಾಯಿಣಿ ನಗಲಿಲ್ಲ. ಡ್ರಾಯರ್ ಎಳೆದು ಒಂದು ಕಾಗದ ತೋರಿಸಿದಳು. ರೈಫಲನ್ನು ಇನ್ನೊಬ್ಬರಿಗೆ ವರ್ಗಾಯಿಸಲು ಅನುಮತಿ ಕೋರಿ ಅರ್ಜಿ, ಸಹಿ ಸಮೇತ. ಸೋಮವಾರ ಕೊಡುವುದಿತ್ತು.

“ಆರ್ ದಿನದಿಂದ ಪಹಣಿ ಪ್ರಿಂಟ್ ಮಾಡ್ತಾ ಮಾಡ್ತಾ ನನ್ ಕೈನೇ ನೋಡ್ಕತಿದ್ದೆ ದೊಡ್ಡವ್ವ. ನಡುಗ್ತದಾ ಅಂತ. ನೋಡ್ತಾ ನೋಡ್ತಾ ನಡುಗಂಗೇ ಕಾಣೋದು” ಎಂದಳು. ಆಮೇಲೆ, “ಇತ್ತಾಳೆ ಕೆಟ್ಟಿರೋದು ನಿಜ ಅನ್ನು. ಅಂಗಂತ ಕೈ ಚೆನ್ನಾಗದೆ ಅಂತ ಯಾರ್ ಏಳಿದ್ರು? ಎಲ್ಡೂ ಕೆಟ್ಟಿರ್ಬೋದು.”

ಅವಳ ಭುಜದ ಮೇಲೆ ಕೈ ಇಟ್ಟೆ. ಅವಳು ಅರ್ಜಿಯನ್ನು ಹರಿಯಲಿಲ್ಲ, ಮತ್ತೆ ಡ್ರಾಯರಿನಲ್ಲೇ ಇಟ್ಟಳು. “ಭಾನುವಾರ ನೋಡವ. ಒಳ್ಳೇವು ಇಪ್ಪತ್ತೇ ತುಂಬ್ಕೊಂಡ್ ಒಡೀತೀನಿ. ನೀನೂ ಬಾ.”

ಭಾನುವಾರ ಹೋದೆ. ಗೇಜನ್ನು ಟವೆಲಿನಲ್ಲಿ ಸುತ್ತಿ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ. ಬೆಳಗಿನ ಬಿಸಿಲು ಇನ್ನೂ ಎಳೆಯದಿತ್ತು. ಸುಬೇದಾರರು ನನ್ನ ಕಿವಿಗೆ ದಪ್ಪ ಮುಚ್ಚಳ ಹಾಕಿ, ಹಿಂದೆ ಬೆಂಚಿನ ಮೇಲೆ ಕೂರಿಸಿ, ತಾವು ದುರ್ಬೀನಿಗೆ ಕಣ್ಣಿಟ್ಟರು. ಸಾಧುಗಳ ಗುಡ್ಡೆಯಿಂದ ಆರಿಸಿ ತುಂಬಿದ ಇಪ್ಪತ್ತು ತೋಟಾ ಅವಳ ಪಕ್ಕದಲ್ಲಿ ಸಾಲಾಗಿ ನಿಂತಿದ್ದವು. ದಾಕ್ಷಾಯಿಣಿ ಚಾಪೆಯ ಮೇಲೆ ಬೋರಲು ಮಲಗಿ ರೈಫಲಿಗೆ ಕೆನ್ನೆ ಕೊಟ್ಟಳು.

ಒಂದು. ಸುಬೇದಾರರು ಹೆಬ್ಬೆರಳು ಎತ್ತಿದರು. ಎರಡು, ಮೂರು. ಐದಾಯಿತು, ಹತ್ತಾಯಿತು. ನಾನು ಉಸಿರಾಡುವುದನ್ನು ಅವಳ ಲೆಕ್ಕಕ್ಕೆ ಹೊಂದಿಸಿಕೊಂಡಿದ್ದೆ. ಹನ್ನೆರಡರವರೆಗೂ ಒಂದೂ ಅಲುಗಲಿಲ್ಲ. ಸುಬೇದಾರರು ಒಮ್ಮೆ ದುರ್ಬೀನಿನಿಂದ ಕಣ್ಣು ತೆಗೆದು ನನ್ನ ಕಡೆ ನೋಡಿದರು, ಮೀಸೆಯಲ್ಲಿ ಏನೋ ಇತ್ತು. ಹದಿಮೂರೂ ಅಲ್ಲೇ ಬಿತ್ತು.

ಹದಿನಾಲ್ಕನೆಯದಕ್ಕೆ ಹೆಬ್ಬೆರಳು ಏಳಲಿಲ್ಲ. “ಎಡಕ್ಕೆ. ತುಂಬಾ ಎಡಕ್ಕೆ ಹೋಯ್ತು” ಎಂದರು ಸುಬೇದಾರರು.

ನನ್ನ ಆರಿಸುವಿಕೆಯೇ ಮತ್ತೆ ತಪ್ಪಿತೇ? ಒಂದು ಖದೀಮ ಸಾಧುಗಳ ಗುಂಪಿಗೆ ಸೇರಿಕೊಂಡಿದ್ದನೇ? ಬ್ಯಾಗಿನಿಂದ ಗೇಜು ಕಿತ್ತುಕೊಂಡು, ಟವೆಲು ಬಿಚ್ಚುತ್ತ, “ಆ ತೋಟಾ ಇತ್ತ ಕೊಡಿ, ಆ ತೋಟಾ ಕೊಡಿ, ಅಳೀತೀನಿ” ಎಂದು ಬೆಂಚಿನಿಂದ ಎದ್ದೆ.

ದಾಕ್ಷಾಯಿಣಿ ರೈಫಲಿನಿಂದ ಕೆನ್ನೆ ತೆಗೆದು ತಿರುಗಿದಳು. ಮುಖದ ತುಂಬ ನಗು. ಒಂದು ವರ್ಷದಿಂದ ಆ ನಗು ನಾನು ನೋಡಿರಲಿಲ್ಲ.

“ಅಳೀಬ್ಯಾಡ ಕಣ್ ದೊಡ್ಡವ್ವ. ಟ್ರಿಗರ್ ಎಳೆಯುವಾಗ್ಲೇ ಗೊತ್ತಾಯ್ತು, ಇಡ್ಕೋಬೇಕಾದ್ ಉಸಿರು ಬುಟ್ಬುಟ್ಟೆ. ಇದು ತೋಟಾದ್ದಲ್ಲ. ಇದು ನಂದು!”

ಮತ್ತೆ ಕೆನ್ನೆ ಕೊಟ್ಟು ಮಲಗಿದಳು. ಉಳಿದ ಆರು ಗುಂಡನ್ನೂ ಕಾಗದದ ನಟ್ಟನಡುವೆ ಒಂದರ ಪಕ್ಕ ಒಂದು ಇಟ್ಟಳು.